ನೀರು ಕೇಳಿದ ಜಡ್ಜ್

ಬಾಗಿಲು ತೆರೆದರೆ ನ್ಯಾಯಾಧೀಶರು ನಿಂತಿದ್ದರು. ಕೈಯಲ್ಲಿ ಕರಪತ್ರ, ಮುಖದ ತುಂಬ ಬೆವರು. "ನಾನು ಇಲ್ಲಿನ ಕೋರ್ಟಿನ ಜಡ್ಜ್. ಮತ್ತೆ ಚುನಾವಣೆಗೆ ನಿಂತಿದ್ದೇನೆ, ನಿಮ್ಮ ಓಟು ಕೊಡಿ" ಎಂದರು. ಒಳಗೆ ಮೇಜಿನ ಮೇಲೆ ಅದೇ ಕೋರ್ಟಿನಿಂದ ನನಗೆ ಬಂದ ಸಮನ್ಸು ಬಿದ್ದಿತ್ತು.

ಅಮೆರಿಕದ ಓಹಿಯೊ ರಾಜ್ಯಕ್ಕೆ ನರ್ಸಾಗಿ ಬಂದು ಎರಡು ವರ್ಷವಾಯಿತು. ಅದೊಂದು ದಿನ, ಮಕ್ಕಳನ್ನು ಇಳಿಸಲು ನಿಂತಿದ್ದ ಶಾಲೆಯ ಬಸ್ಸನ್ನು ದಾಟಿ ಕಾರು ಓಡಿಸಿಬಿಟ್ಟಿದ್ದೆ. ನಮ್ಮ ಕಡೆ ನಿಂತ ಬಸ್ಸನ್ನೆಲ್ಲ ದಾಟದಿದ್ದರೆ ಪಾಂಡವಪುರ ತಲುಪುವುದೇ ಇಲ್ಲ. ಇಲ್ಲಿ ಅದು ಅಪರಾಧ, ಲೈಸೆನ್ಸನ್ನೇ ಕಿತ್ತುಕೊಳ್ಳಬಹುದು. ನಮ್ಮೂರು ಬಾಬುರಾಯನಕೊಪ್ಪಲಿನಲ್ಲಿ ಕೈ ಅಡ್ಡ ಹಿಡಿದರೆ ಬಸ್ಸು ನಿಲ್ಲುತ್ತದೆ, ಈ ಊರಿಗೆ ಶಾಲೆಯದು ಬಿಟ್ಟರೆ ಬೇರೆ ಬಸ್ಸೇ ಇಲ್ಲ. ಲೈಸೆನ್ಸು ಹೋದರೆ ಆಸ್ಪತ್ರೆಯ ಕೆಲಸವೂ ಹೋದಂತೆ.

ಕೋರ್ಟುಗಳ ಮೇಲುಕೆಳಗು ಹೆಚ್ಚುಕಡಿಮೆ ನಮ್ಮದರಂತೆಯೇ. ಕೆಳಗೆ ಊರಿನ ಕೋರ್ಟು, ಅದರ ಮೇಲೆ ಕೌಂಟಿಯದು, ಅಂದರೆ ಜಿಲ್ಲೆಯದು, ಆಮೇಲೆ ಮೇಲ್ಮನವಿಯದು, ತುದಿಯಲ್ಲಿ ರಾಜ್ಯದ್ದೇ ಸುಪ್ರೀಂ ಕೋರ್ಟು. ಆದರೆ ಅಲ್ಲೆಲ್ಲ ಕೂತವರು ಓಟಿನಿಂದ ಗೆದ್ದು ಬಂದವರು, ಆರು ವರ್ಷಕ್ಕೊಮ್ಮೆ ಮತ್ತೆ ಜನರ ಮುಂದೆ ನಿಲ್ಲಬೇಕು. ನಮ್ಮ ಶ್ರೀರಂಗಪಟ್ಟಣದ ಕೋರ್ಟಿಗೆ ಪರೀಕ್ಷೆ ಪಾಸಾಗಿ ಬಂದ ಜಡ್ಜ್ ಸಾಹೇಬರು ಊರಿನವರ ಮದುವೆಗೂ ಹೋಗುತ್ತಿರಲಿಲ್ಲ. ಜನಕ್ಕೆ ಅವರ ಮುಖ ಗುರುತಾಗುವಷ್ಟರಲ್ಲಿ ಬೇರೆ ಜಿಲ್ಲೆಗೆ ವರ್ಗವಾಗಿರುತ್ತಿತ್ತು.

ಅಪ್ಪ ಆ ಕೋರ್ಟಿನಲ್ಲಿ ಅಮೀನರಾಗಿದ್ದರು, ಮನೆಮನೆಗೆ ನೋಟಿಸು ಮುಟ್ಟಿಸುವ ಕೆಲಸ. ಎಂಥ ಬಿಸಿಲಿನಲ್ಲೂ ನೋಟಿಸು ಕೊಟ್ಟ ಮನೆಯಲ್ಲಿ ತೊಟ್ಟು ನೀರು ಕುಡಿದವರಲ್ಲ. "ಕೇಸಿರೋ ಮನೆ ನೀರು ಕೋರ್ಟ್ನೋರ್ಗೆ ಆಗ್ಬಾರ್ದು ಕಣವ್ವಾ" ಎನ್ನುತ್ತಿದ್ದರು. ಮನೆಗೆ ಬಂದವರೇ ಒಂದು ಚೊಂಬು ನೀರು ಗಟಗಟ ಕುಡಿಯುತ್ತಿದ್ದರು.

ಬಾಗಿಲಲ್ಲಿ ನಿಂತ ಜಡ್ಜ್ ಕರಪತ್ರದಿಂದ ಗಾಳಿ ಬೀಸಿಕೊಳ್ಳುತ್ತ, "ಒಂದು ಲೋಟ ನೀರು ಸಿಗಬಹುದೇ?" ಎಂದರು.

"ಇಲ್ಲ ಸರ್. ನನ್ನ ಕೇಸು ನಿಮ್ಮ ಮುಂದಿದೆ" ಎಂದು ಬಾಗಿಲು ಹಾಕಿಕೊಂಡೆ.

ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಆಸ್ಪತ್ರೆಯ ದಾರಿಯುದ್ದಕ್ಕೂ ಮನೆಗಳ ಮುಂದೆ ಓಟು ಕೇಳುವ ಅವರ ಹೆಸರಿನ ಫಲಕಗಳು. ಸಿಟ್ಟಾಗಿರಬಹುದೇ, ಮುಖ ನೆನಪಿಟ್ಟುಕೊಂಡಿರಬಹುದೇ ಎಂದು ಪ್ರತಿ ಫಲಕವೂ ಕೆಣಕುತ್ತಿತ್ತು.

ವಿಚಾರಣೆಯ ದಿನ ಅವರೇ ಮೊದಲು ಬಾಯಿಬಿಟ್ಟರು. "ಓಟು ಕೇಳಲು ಇವರ ಮನೆಗೆ ಹೋಗಿದ್ದೆ. ಆಕ್ಷೇಪಣೆಯಿದ್ದರೆ ಬೇರೆ ಜಡ್ಜ್ ವಿಚಾರಿಸುತ್ತಾರೆ" ಎಂದರು. ಸರ್ಕಾರಿ ವಕೀಲರೂ ನಾನೂ ಆಕ್ಷೇಪಣೆ ಇಲ್ಲವೆಂದೆವು. ತಪ್ಪೊಪ್ಪಿಕೊಂಡೆ. ದಂಡ ಹಾಕಿದರು, ಲೈಸೆನ್ಸು ಉಳಿಯಿತು. ನೀರಿನ ಮಾತನ್ನು ಅವರು ಎತ್ತಲೇ ಇಲ್ಲ.

ಮನೆಗೆ ಬಂದವಳೇ ಅಪ್ಪನಿಗೆ ಫೋನು ಮಾಡಿ ಹೆಮ್ಮೆಯಿಂದ ಎಲ್ಲ ಹೇಳಿದೆ. ಭೇಷ್ ಅನ್ನುತ್ತಾರೆಂದು ಕಾದೆ.

"ನೀರು ಕೇಳ್ದೋರ್ಗೆ ಇಲ್ಲ ಅಂದ್ಬುಟ್ಯಾ?"

"ಕೇಸಿರೋ ಮನೇಲಿ ಕುಡೀಬಾರ್ದು ಅಂತ ನೀನೇ ಹೇಳ್ತಿದ್ಯಲ್ಲಪ್ಪಾ."

"ಕುಡೀಬಾರ್ದು ಅಂದಿದ್ದು ನಂಗೆ ಕಣವ್ವಾ. ಕೊಡ್ಬಾರ್ದು ಅಂತ ಯಾವತ್ತಂದೆ? ಜಪ್ತಿ ನೋಟಿಸ್ ತಕ್ಕೊಂಡೋದ್ರೂ ಕೊಪ್ಪಲಲ್ಲಿ ಒಂದ್ ಅಜ್ಜಿ ಚೊಂಬು ತಂದು ಮುಂದಿಡೋಳು. ನಾನು ಬ್ಯಾಡ ಅಂತಿದ್ದೆ, ಅವ್ಳು ಇಡೋದ ಬುಡ್ಲಿಲ್ಲ."

ನನಗೆ ನಾಚಿಕೆಯಾಯಿತು. ಎರಡು ವರ್ಷವಾದರೂ ಈ ಮನೆಯ ಹೊಸ್ತಿಲಲ್ಲಿ ನಾನು ಅಮೀನರ ಮಗಳಾಗಿಯೇ ನಿಂತಿದ್ದೆ, ಮನೆಯಾಕೆಯಾಗಿರಲಿಲ್ಲ.

ನವೆಂಬರಿನಲ್ಲಿ ಮತದಾನ. ಬೆಳಗಿನಿಂದ ಅಕ್ಕಪಕ್ಕದವರೆಲ್ಲ ಹೊರಟರು. ನಾನು ಕಿಟಕಿಗೂ ಬಾಗಿಲಿಗೂ ಅಡ್ಡಾಡುತ್ತಿದ್ದೆ. ಆ ಮನುಷ್ಯ ನನ್ನಲ್ಲಿ ಕೇಳಿದ್ದು ಎರಡೇ. ನಾನು ಈ ದೇಶದ ಪ್ರಜೆಯಲ್ಲ, ನನ್ನ ಓಟು ಇನ್ನೂ ಶ್ರೀರಂಗಪಟ್ಟಣದ ಪಟ್ಟಿಯಲ್ಲೇ ಇದೆ, ಅದನ್ನು ಕೊಡುವಂತಿರಲಿಲ್ಲ. ನೀರು ಕೊಡಬಹುದಿತ್ತು.