ಉನೈಜಾದ ಅಂಗಳದಲ್ಲಿ ಬೆಂಡೆಗಿಡ

ಟೊಮೆಟೊ ಎಲೆಯನ್ನು ಬೆರಳಲ್ಲಿ ಉಜ್ಜಿದಾಗ ಬರುವ ಆ ಹಸಿ, ಕಹಿ ವಾಸನೆ ಈಗಲೂ ನನ್ನನ್ನು ಅರಬ್ ಮರುಭೂಮಿಯ ಉನೈಜಾ ಪಟ್ಟಣದ ಬಾಡಿಗೆ ಮನೆಯೊಂದರ ಅಂಗಳಕ್ಕೆ ಕರೆದೊಯ್ಯುತ್ತದೆ. ಬಾಲ್ಯವನ್ನು ಬೇರೆಯವರ ಮನೆಯಲ್ಲಿ ಬಿಟ್ಟು ಬಂದವರಿಗೆ ಗೊತ್ತು, ಅಂಥ ಮನೆಯನ್ನು ಮತ್ತೊಮ್ಮೆ ಹೋಗಿ ನೋಡಲು ಒಂದು ನೆಪವೂ ಉಳಿದಿರುವುದಿಲ್ಲ. ಅದು ಎಂಬತ್ತರ ದಶಕದ ನಡುವಿನ ಮಾತು. ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು ನಾವು. ಪಪ್ಪ ಅಲ್ಲಿ ನೀರಿನ ಪಂಪುಗಳ ಕಂಪನಿಯೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದರು. ನಮ್ಮ ಬೀದಿಯಲ್ಲಿ ಊರಿನ ಮಾತಾಡುವವರೆಂದರೆ ಪಕ್ಕದ ಮನೆಯ ಉಳ್ಳಾಲದ ಜೊಹರಕ್ಕ ಮತ್ತು ಅವರ ಗಂಡ ಮಾತ್ರ. ಅಲ್ಲಿ ನಮ್ಮ ದೇಶದ ಮಕ್ಕಳಿಗೆ ಶಾಲೆ ಇರಲಿಲ್ಲ. ಮಮ್ಮಿಯೇ ನನ್ನನ್ನು ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ ಮಗ್ಗಿ, ಕಾಗುಣಿತ ಹೇಳಿಕೊಡುತ್ತಿದ್ದಳು. ಜೂನ್‌ನಲ್ಲಿ ನಾವಿಬ್ಬರೂ ಊರಿಗೆ ಹೋಗಿ ಅಲ್ಲೇ ಉಳಿಯುವುದು, ನಾನು ಶಾಲೆ ಸೇರುವುದು ಎಂದು ಪಪ್ಪ ನಿಶ್ಚಯಿಸಿದ್ದರು. ಆ ಮಾತಾದ ವಾರವೇ ಮಮ್ಮಿ ಅಂಗಳ ಅಗೆಯತೊಡಗಿದಳು.

ಫೆಬ್ರವರಿಯ ಬಿಸಿಲು ಇನ್ನೂ ಹಿತವಾಗಿತ್ತು. ಮಣ್ಣಿನ ಮೇಲೆ ಉಪ್ಪು ಬೆಳ್ಳಗೆ ಹೆಪ್ಪುಗಟ್ಟಿತ್ತು. ಅದು ಕೆಳಗಿಳಿಯಲೆಂದು ಮಮ್ಮಿ ಪೈಪು ಹಿಡಿದು ಮತ್ತೆ ಮತ್ತೆ ನೀರು ಬಿಟ್ಟಳು. ಜೊಹರಕ್ಕನ ಗಂಡ ಖರ್ಜೂರದ ತೋಟವೊಂದರಿಂದ ಕುರಿಗೊಬ್ಬರದ ಚೀಲ ತಂದುಕೊಟ್ಟರು. “ಈ ಉಪ್ಪುಮಣ್ಣಲ್ಲಿ ಎಂತ ಬೆಳೀತದೆ ಲಿಲ್ಲಿಬಾಯಿ?” ಎಂದು ಜೊಹರಕ್ಕ ನಕ್ಕರೆ, ಮಮ್ಮಿ ತಲೆ ಎತ್ತದೆ, “ನೋಡುವಾ” ಎಂದಳು. ಟೊಮೆಟೊ, ಅಲಸಂಡೆ, ಬೆಂಡೆ. ಸಂಜೆ ಕೆಲಸದಿಂದ ದಣಿದು ಬಂದ ಪಪ್ಪ ಬಾಗಿಲಲ್ಲೇ ನಿಂತು ಕೇಳಿದರು, “ಜೂನ್‌ಗೆ ಹೋಗುವವಳಿಗೆ ಇದೆಲ್ಲ ಯಾಕೆ ಮಾರಾಯ್ತಿ?” ಅವಳು ಒಂದೊಂದೇ ಬೀಜವನ್ನು ಹೆಬ್ಬೆರಳಿಂದ ಒತ್ತುತ್ತ ಸಾಲಿನ ಕೊನೆಯವರೆಗೂ ಹೋದಳು.

ಸಸಿಗಳು ಗೇಣುದ್ದ ಆಗಿದ್ದಾಗ ಮರಳುಗಾಳಿ ಬಂತು. ಆಕಾಶ ಅರಿಶಿನದ ಬಣ್ಣಕ್ಕೆ ತಿರುಗಿತು. ಕಿಟಕಿಯ ಸಂದುಗಳಿಗೆ ಒದ್ದೆ ಟವೆಲ್ ತುರುಕಿ ಒಳಗೆ ಕುಳಿತೆವು. ಗಾಳಿ ನಿಂತ ಮೇಲೆ ನೋಡಿದರೆ ಸಾಲುಗಳೇ ಕಾಣಲಿಲ್ಲ. ಮಮ್ಮಿ ಬೆರಳಿಂದ ಮರಳು ಸರಿಸಿ ಸರಿಸಿ ಸಸಿ ಹುಡುಕಿದಳು, ಆಮೇಲೆ ಸೋತು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಅವಳು ಹಾಗೆ ಕೈಚೆಲ್ಲಿ ಕುಳಿತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಮರುದಿನ ಶುಕ್ರವಾರ, ವಾರದ ರಜೆ. ಪಪ್ಪ ಯಾರಿಗೂ ಹೇಳದೆ ಕೇಳದೆ ಕಬ್ಬಿಣದ ಕೊಳವೆಗಳನ್ನು ನೆಟ್ಟು, ಗಾಳಿಗೆ ಅಡ್ಡವಾಗಿ ಹಳೆಯ ಬೆಡ್‌ಶೀಟ್ ಕಟ್ಟತೊಡಗಿದರು. ಮಮ್ಮಿ ಹೋಗಿ ಇನ್ನೊಂದು ತುದಿ ಹಿಡಿದಳು.

“ಇನ್ನೊಂದು ವರ್ಷ ನಾವು ಇಲ್ಲೇ ಇರುವಾ?” ಎಂದು ಕೇಳಿದಳು.

“ಮಗುವಿನ ಓದು?”

“ನಾನು ಕಲಿಸ್ತೇನಲ್ಲ.”

“ಎಷ್ಟೂಂತ ಕಲಿಸ್ತಿ ಲಿಲ್ಲಿ? ನೀವು ಹೋಗಬೇಕು ಅಂತ ನನಗೇನು ಆಸೆಯಾ?”

ಪಪ್ಪ ಗಂಟು ಬಿಗಿದರು. ಆ ಮಾತು ಮತ್ತೆ ನಮ್ಮ ಮನೆಯಲ್ಲಿ ಬರಲಿಲ್ಲ.

ಮರಳಿನಡಿ ಉಳಿದಿದ್ದ ಸಸಿಗಳು ಮೆಲ್ಲಗೆ ಮೇಲೆದ್ದವು. ಆದರೆ ಮೇ ತಿಂಗಳ ಝಳಕ್ಕೆ ಟೊಮೆಟೊ ಹೂಗಳೆಲ್ಲ ಉದುರಿದವು. ಅಲಸಂಡೆ ಒಂದೆರಡು ಪಲ್ಯಕ್ಕಾಯಿತು. ಬೆಂಡೆ ಮಾತ್ರ ಆ ಬಿಸಿಲನ್ನೇ ಕುಡಿದಂತೆ ನನ್ನೆತ್ತರಕ್ಕೆ ಬೆಳೆದು, ನಾವು ಹೊರಡುವ ವಾರ ಹಳದಿ ಹೂ ಬಿಟ್ಟಿತು. ಒಂದು ಕಾಯಿಯನ್ನೂ ಕೊಯ್ಯದೆ ನಾವು ವಿಮಾನ ಹತ್ತಿದೆವು.

ಪಪ್ಪನಿಗೆ ರಜೆ ಸಿಕ್ಕಿದ್ದು ಮುಂದಿನ ವರ್ಷ. ಸೊರಗಿದ್ದರು, ಕಿವಿಯ ಬದಿಯ ಕೂದಲು ನರೆತಿತ್ತು. ಮಧ್ಯಾಹ್ನ ಊಟಕ್ಕೆ ಕುಳಿತಾಗ ಮಮ್ಮಿ ಕೇಳಿದಳು, “ಬೆಂಡೆ ಎಂತ ಆಯ್ತು?”

“ತುಂಬ ಬಿಟ್ಟಿತ್ತು. ದಿನಾ ನೀರು ಹಾಕ್ತಿದ್ದೆ. ಕೊಯ್ಯಲಿಲ್ಲ. ಒಬ್ಬನಿಗೆ ಎಂತ ಪಲ್ಯ ಮಾಡುವುದು? ಗಿಡದಲ್ಲೇ ಬಲಿತು ಒಣಗಿತು.”

“ಕೊಯ್ಯದಿದ್ದರೆ ಗಿಡ ಕಾಯಿ ಬಿಡುವುದನ್ನೇ ನಿಲ್ಲಿಸ್ತದೆ. ಗೊತ್ತಿರಲಿಲ್ವಾ ನಿಮಗೆ?”

“ಗೊತ್ತಿತ್ತು,” ಎಂದರು ಪಪ್ಪ.

ಇಬ್ಬರೂ ಈಗ ಇಲ್ಲ. ಪಪ್ಪ ಮತ್ತೆ ಹೋದದ್ದು, ಮುಂದೆ ಎಷ್ಟೋ ವರ್ಷ ರಜೆಯಿಂದ ರಜೆಗೆ ನಾವು ಬದುಕಿದ್ದು, ಎಲ್ಲ ಮಸುಕಾಗಿದೆ. ಆ ಮಧ್ಯಾಹ್ನವೊಂದು ಹಾಗೇ ಇದೆ: ಮಮ್ಮಿ ಅವರ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದಳು, ಹೊಟ್ಟೆ ತುಂಬಿದ್ದರೂ ಅವರು ಬೇಡವೆನ್ನಲಿಲ್ಲ.