ಸಾಹೇಬರು ಬರುವ ತನಕ

ಮನೋಳಿ ಮತ್ತು ಸವದತ್ತಿಯ ನಡುವಿನ ಸಣ್ಣ ಹಳ್ಳಿಯೊಂದರಲ್ಲಿ ನಾನು ಮಾಸ್ತರನಾಗಿದ್ದೆ. ಮೈಕು ಹಿಡಿಯಲು ನನ್ನಷ್ಟು ಹುರುಪಿನವನು ಸುತ್ತಲೆಲ್ಲೂ ಇರಲಿಲ್ಲ. ಕುಸ್ತಿಯಿರಲಿ, ಸಾಮೂಹಿಕ ಮದುವೆಯಿರಲಿ, ಮುಖ್ಯ ಅತಿಥಿ ತಡವಾದರೆ ಸಾಕು, "ಮಾಸ್ತರ್ರನ್ನ ಕರೀರಿ" ಅನ್ನುತ್ತಿದ್ದರು. "ಬಾಯಿದ್ದವ ಬರಗಾಲದಾಗ ಬದುಕಿದ" ಅಂತ ಹೆಂಡತಿ ಚಾಷ್ಟಿ ಮಾಡುತ್ತಿದ್ದಳು. ಆ ಬಾಯಿಯ ಮೇಲೆ ಈಗ ನನಗೇ ಹೇಸಿಗೆ.

ನನ್ನ ಕೈಯಲ್ಲಿ ಕಲಿತ ಹುಡುಗನೊಬ್ಬ ಗಡಿಯಲ್ಲಿ ತೀರಿಕೊಂಡ. ಆ ಗಡಿಯ ಕಾದಾಟ ಅವನು ಹುಟ್ಟುವ ಮೊದಲೂ ಇತ್ತು, ಅವನಪ್ಪ ಚಡ್ಡಿ ಹಾಕಿಕೊಂಡು ಓಡಾಡುವಾಗಲೂ ಇತ್ತು. ನಡುನಡುವೆ ನಾಯಕರು ಕೈ ಕುಲುಕುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ, ಚುನಾವಣೆ ಹತ್ತಿರ ಬಂತೆಂದರೆ ಮತ್ತೆ ತೊಡೆ ತಟ್ಟುತ್ತಾರೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಇಲ್ಲಿ ಕೂಸು ಪೆಟ್ಟಿಗೆಯಲ್ಲಿ ಬಂತು.

ನಮ್ಮ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಹಣೆಗೆ ವಿಭೂತಿ ಹಚ್ಚುತ್ತಾರೆ, ಮಗ್ಗುಲಲ್ಲಿ ಕೂತು ಹೆಂಗಸರು ಹಾಡಿಕೊಂಡು ಅಳುತ್ತಾರೆ. ಮಣ್ಣಿಗೆ ಹೋಗುವಾಗಲೂ ಕುಳಿತೇ ಹೋಗಬೇಕು. ಹುಡುಗನ ತಾಯಿ ಬೆಳಿಗ್ಗೆಯೇ ಪಡಸಾಲೆ ಸಾರಿಸಿ, ಗೋಡೆಯ ಬುಡಕ್ಕೆ ಕಂಬಳಿ ಹಾಸಿದ್ದಳು. ಪೆಟ್ಟಿಗೆಯ ಜೊತೆ ಬಂದಿದ್ದ ಮಿಲಿಟರಿ ಅಧಿಕಾರಿಯೂ, ತೆರೆಯಬಹುದು, ಮನೆಗೆ ಒಯ್ದು ನಿಮ್ಮ ಪದ್ಧತಿ ಮಾಡಿಕೊಳ್ಳಿ ಅಂದಿದ್ದ.

ಆದರೆ ಸಾಹೇಬರು ಬರುವವರಿದ್ದರು. ನಮ್ಮ ಭಾಗದ ದೊಡ್ಡ ನಾಯಕರು. ಅವರ ಕಡೆಯವರು ಪೆಟ್ಟಿಗೆಯನ್ನು ನೇರ ಶಾಲೆಯ ಮೈದಾನದ ವೇದಿಕೆಗೆ ತರಿಸಿ ನನ್ನ ಕೈಗೆ ಮೈಕು ಕೊಟ್ಟರು.

"ಬೈಲಹೊಂಗಲ ದಾಟ್ಯಾರ, ಇನ್ನೇನ ಬಂದ್ರು. ಮಂದಿ ಎದ್ದ ಹೋಗದಂಗ ನೋಡಕೋರಿ ಮಾಸ್ತರ್ರ."

ನೋಡಿಕೊಂಡೆ. ವೀರ, ಶೂರ, ಕಿತ್ತೂರಿನ ಮಣ್ಣು, ಬಾಯಿಗೆ ಬಂದದ್ದೆಲ್ಲ ಆಡಿದೆ. ಮಂದಿ ಚಪ್ಪಾಳೆ ತಟ್ಟಿದಷ್ಟೂ ನನಗೆ ಏರುತ್ತಿತ್ತು. ಸುಳ್ಳೇಕೆ ಹೇಳಲಿ, ಖುಷಿಯೂ ಆಯಿತು. ಥೂ ನನ್ನ ಜನ್ಮಕ್ಕೆ!

ಹೊತ್ತು ಇಳಿದಾಗ ತಾಯಿ ವೇದಿಕೆಯ ಹತ್ತಿರ ಬಂದಳು.

"ಮಾಸ್ತರ್ರ, ಹೊತ್ತ ಮುಳುಗಾಕ ಬಂತ್ರಿ. ಒಂದ ಗಳಿಗಿ ಮನಿಗೆ ಒಯ್ಯೂಣು. ಗ್ವಾಡಿಗೆ ಕುಂಡ್ರಿಸಿ ವಿಭೂತಿ ಹಚ್ಚತೇನಿ. ನೀವು ಹೇಳಿದ್ರ ಎಲ್ಲಾರೂ ಕೇಳತಾರ."

ಅಧಿಕಾರಿ ನನ್ನ ಮುಖ ನೋಡಿದ. ಮೈಕಿನಲ್ಲಿ "ಎತ್ತಿರೋ" ಅಂದಿದ್ದರೆ ಊರ ಹುಡುಗರು ಎತ್ತಿಬಿಡುತ್ತಿದ್ದರು. ಸಾಹೇಬರ ಕಡೆಯವರು ನನ್ನನ್ನೇನು ತಿನ್ನುತ್ತಿರಲಿಲ್ಲ. ಆದರೆ ಅವರೆಲ್ಲ ನನ್ನತ್ತಲೇ ನೋಡುತ್ತಿದ್ದರು.

"ತಡೀರಿ ಅಕ್ಕಾರ, ಸಾಹೇಬ್ರು ಬಂದ ಹೋಗಲಿ," ಅಂದೆ.

ಆಕೆ ಅಲ್ಲೇ ಪೆಟ್ಟಿಗೆಯ ಕೆಳಗೆ ನೆಲದ ಮೇಲೆ ಕುಳಿತಳು. ನಾನು ಮಾತು ಮುಂದುವರಿಸಿದೆ. ಆಕೆ ಹಾಡಿಕೊಂಡು ಅಳಲು ಶುರು ಮಾಡಿದ್ದಳೋ ಏನೋ, ಮೈಕಿನ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

ಸಾಹೇಬರು ಬಂದದ್ದು ಮುಸ್ಸಂಜೆಗೆ. ಹಾರ ಇಟ್ಟು, ಕ್ಯಾಮೆರಾದ ಕಡೆ ತಿರುಗಿ ಕೈ ಮುಗಿದರು. "ಎಷ್ಟು ವರ್ಷ ನಡೆದರೂ ನಾವು ಹಿಂದೆ ಸರಿಯುವುದಿಲ್ಲ. ಮನೆಗೊಬ್ಬ ಮಗನನ್ನು ಕೊಡಿ!" ಅಂದರು. ಅವರ ಮಕ್ಕಳೆಲ್ಲ ವ್ಯಾಪಾರದಲ್ಲಿದ್ದರು. ಸಿಟ್ಟು ನನ್ನ ನೆತ್ತಿಗೇರಿತು, ಏರಿದಷ್ಟೇ ಬೇಗ ಇಳಿಯಿತು. ಪ್ರತಿ ಆಗಸ್ಟ್ ಹದಿನೈದಕ್ಕೆ ಅದೇ ಮೈದಾನದಲ್ಲಿ ನಾನೂ ಅದೇ ಮಾತು ಹೇಳುತ್ತಿದ್ದೆ. ನನ್ನ ಮಗನನ್ನು ಮಾತ್ರ ರಾಮದುರ್ಗದಲ್ಲಿ ಬ್ಯಾಂಕಿಗೆ ಸೇರಿಸಿದ್ದೆ.

ಸಾಹೇಬರ ಕಾರುಗಳು ಹೊರಡುವಷ್ಟರಲ್ಲಿ ಕತ್ತಲಾಗಿತ್ತು. ಇನ್ನು ತಡ ಮಾಡಬಾರದೆಂದು ಎಲ್ಲರಿಗೂ ಅವಸರ. ಪೆಟ್ಟಿಗೆ ಮನೆಯ ಮುಂದಿನಿಂದಲೇ ಹಾದುಹೋಯಿತು, ನಿಲ್ಲಲಿಲ್ಲ. ಮೊದಲೇ ಮನೆಗೆ ಓಡಿದ್ದ ತಾಯಿ ವಿಭೂತಿ ಗಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹೊಲದಲ್ಲಿ ತೋಡಿದ ಕುಣಿಗೆ ಮುಚ್ಚಿದ ಪೆಟ್ಟಿಗೆಯನ್ನೇ ಇಳಿಸಿ, ಹುಡುಗ ಮಲಗಿದ್ದಂತೆಯೇ ಮಣ್ಣು ಎಳೆದರು.

ಆಮೇಲೆ ಬಹಳ ಕಾಲ ನಾನು ಆ ಓಣಿಗೆ ಕಾಲಿಡಲಿಲ್ಲ. ಆಕೆ ಎದುರಿಗೆ ಸಿಕ್ಕರೆ ಹೇಗೆ ಅಂತ ಬಸ್ಸಿಗೂ ಸುತ್ತು ಹಾಕಿ ಹೋಗುತ್ತಿದ್ದೆ. ಹೋದ ತಿಂಗಳು ಟಿವಿಯಲ್ಲಿ ಮತ್ತೆ ಯುದ್ಧದ ಅಬ್ಬರ. ಸಾಹೇಬರ ಕಡೆಯವರು ಮೆರವಣಿಗೆಗೆ ಮೈಕು ಹಿಡಿಯಿರೆಂದು ಬಂದರು. ಒಲ್ಲೆ ಅಂದೆ. ಅದೇನು ದೊಡ್ಡಸ್ತಿಕೆಯಲ್ಲ. ಸಂಜೆ ಆ ತಾಯಿಯ ಮನೆಗೆ ಹೋದೆ.

"ತಪ್ಪಾತ್ರಿ ಅಕ್ಕಾರ. ನಾ ಅವತ್ತ ಒಂದ ಮಾತ ಹೇಳಿದ್ರ ಮಗ ಮನಿಗೆ ಬರತಿದ್ದ. ನನ್ನ ಬೈರಿ."

"ಅಯ್ಯ, ನಿಮಗ್ಯಾಕ ಬೈಲಿ?"

ಚಹಾ ತಂದು ನನ್ನ ಮುಂದಿಟ್ಟಳು. ಆಕೆಯ ದನಿಯಲ್ಲಿ ಕೊಂಕಿರಲಿಲ್ಲ, ಸಿಟ್ಟೂ ಇರಲಿಲ್ಲ. ಇದ್ದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ.

"ಅಂವಗ ಮಿಲ್ಟ್ರಿಗೆ ಹೋಗಂದ್ರಿ, ಹೋದ. ನನಗ ತಡೀರಿ ಅಂದ್ರಿ, ತಡದೆ. ನಿಮ್ಮ ಮಾತ ನಾವು ಯಾವಾಗರೆ ಮೀರೇವೇನ್ರಿ, ಮಾಸ್ತರ್ರ?"