ಕಾಲು ತಿಕ್ಕುವ ಕಲ್ಲು

ಹೆಗಲಿಗೆ ಚೀಲ, ಕೈಯಲ್ಲಿ ಅಳತೆ ಟೇಪು ಹಿಡಿದು ಬಂದವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ನಾನು ಹುಟ್ಟಿದ ಕಡಲದಂಡೆಯ ಊರಿಗೆ ಅಂಥವರೇ ಬಂದು, ಆಯಿ, ಅಂದರೆ ನನ್ನ ಅಮ್ಮ, ಕೊಟ್ಟ ಚಾ ಕುಡಿದು, ನಮ್ಮ ಬಾವಿ, ತೆಂಗಿನಮರ, ಹಿತ್ತಲಿನ ಬಸಳೆ ಚಪ್ಪರ ಎಲ್ಲವನ್ನೂ ಬರೆದುಕೊಂಡು ಹೋಗಿದ್ದರು. ಆಮೇಲೆ ಊರೇ ನೌಕಾನೆಲೆಗೆ ಹೋಯಿತು. ನಾವು ಅಮದಳ್ಳಿ ಕಡೆ ಹೊಸ ಮನೆ ಕಟ್ಟಿಕೊಂಡೆವು. ಎರಡು ಸಾವಿರದ ಇಸವಿ ದಾಟಿದ ಆ ವರ್ಷಗಳಲ್ಲಿ ನಮ್ಮ ಕೇರಿಯವರು ಪೋಸ್ಟಿನವನನ್ನೂ ಮೇಲಿಂದ ಕೆಳಗೆ ನೋಡಿಯೇ ಒಳಗೆ ಬಿಡುತ್ತಿದ್ದರು.

ಹೀಗಿರುವಾಗ ಒಂದು ದಿನ ಆಯಿ ಅಂಕೋಲೆ ಪೇಟೆಯಲ್ಲಿ ಮೀನು ಮಾರಿ ಬರುವಾಗ ಬಸ್ಸಿನಲ್ಲಿ ಒಬ್ಬ ಹೆಂಗಸನ್ನು ಕರೆದುಕೊಂಡೇ ಬಂದಳು. ಚೀಲ ಇತ್ತು. ಟೇಪೂ ಇತ್ತು!

"ಇವ್ರು ಸಮುದ್ರದ ಕಲ್ಲಿನ ಬಗ್ಗೆ ಓದ್ದವ್ರಂತೆ," ಅಂದಳು ಆಯಿ. "ತೂತು ತೂತಿನ ಬಿಳಿ ಕಲ್ಲು ಗಾಳಕ್ಕೆ ಸಿಗ್ತದ್ಯಾ ಅಂತ ಪೇಟೇಲಿ ಕೇಳ್ತಾ ಇದ್ರು. ನಮ್ಮ ಬಚ್ಚಲಲ್ಲೇ ಅದೆ, ನಾ ದಿನಾ ಕಾಲು ತಿಕ್ಕುದು ಅದ್ರಲ್ಲೇ ಅಂದೆ."

ಆಯಿಯ ಬಾಯಿಗೆ ಬೀಗವೇ ಇಲ್ಲ. ಒಳಗೆ ಕರೆದು ಬೈದೆ. ಆ ಕಲ್ಲು ಬಂದದ್ದು ಅಪ್ಪ ಗಾಳ ಹಾಕುವ ಜಾಗದಿಂದ. ದಂಡೆಯ ಗುಡ್ಡಗಳೆಲ್ಲ ನೀರಿಗಿಳಿದು ಕಾಣದಾಗುವಷ್ಟು ದೂರ ಹೋಗಿ, ಹಗ್ಗವನ್ನು ಐವತ್ತು ಮಾರು ಇಳಿಸಿದರೆ ಅಲ್ಲೊಂದು ಕಲ್ಲುನೆಲ. ಅದರ ಸಂದಿಗಳಲ್ಲಿ ದೊಡ್ಡ ಕೆಂಪು ಮೀನು. ಆ ಜಾಗ ಗೊತ್ತಿದ್ದದ್ದು ಅಪ್ಪನೊಬ್ಬನಿಗೇ. ನಮ್ಮ ಒಲೆ ಉರಿಯುತ್ತಿದ್ದದ್ದೇ ಅದರಿಂದ.

ಆ ಅಕ್ಕೋರು ಬಚ್ಚಲಲ್ಲೇ ಕುಕ್ಕರುಗಾಲಲ್ಲಿ ಕೂತು, ಕಲ್ಲಿನ ಮೇಲಿನ ಸೋಪಿನ ಜಿಡ್ಡು ತೊಳೆದು, ಅದರ ಮೈಯ ಸಣ್ಣ ಸಣ್ಣ ಹೂವಿನಂಥ ಗುಳಿಗಳನ್ನು ತೋರಿಸಿದರು. ಇದು ಕಲ್ಲಲ್ಲ, ಹವಳದ ಹುಳುಗಳು ಕಟ್ಟಿದ ಮನೆ ಎಂದರು. ಈ ಜಾತಿಯದು ಬಿಸಿಲು ತಾಗುವ ತೆಳುನೀರಲ್ಲಿ ಮಾತ್ರ ಬೆಳೆಯುತ್ತದಂತೆ. ಆಯಿ ಬಸ್ಸಲ್ಲೇ ಹೇಳಿಬಿಟ್ಟಿದ್ದ ಐವತ್ತು ಮಾರಿನ ಕತ್ತಲೆಯಲ್ಲಿ ಅದಿದೆ ಅಂದರೆ, ಅದು ಬದುಕಿದ್ದಾಗ ಕಡಲು ಅಷ್ಟು ಕೆಳಗಿತ್ತು, ದಂಡೆ ಅಲ್ಲೆಲ್ಲೋ ಇತ್ತು. ಆಮೇಲೆ ನೀರು ಏರಿತು, ಹವಳ ಸತ್ತಿತು. ಒಂದು ಚೂರು ಕೊಯ್ದು ವಯಸ್ಸು ನೋಡಿದರೆ ನೀರು ಯಾವಾಗ ಏರಿತೆಂದು ಹೇಳಬಹುದು. ಆದರೆ ಅದು ಕೂತಿದ್ದ ಜಾಗ ಗೊತ್ತಾಗದೆ ವಯಸ್ಸು ತಿಳಿದೂ ಉಪಯೋಗವಿಲ್ಲ.

ಬಂತಲ್ಲ ಮಾತು ಜಾಗಕ್ಕೆ! ಇವತ್ತು ಸಮುದ್ರ ಏರಿತ್ತು ಅನ್ನುತ್ತಾರೆ, ನಾಳೆ ಏರುತ್ತದೆ ಅನ್ನುತ್ತಾರೆ, ನಾಡಿದ್ದು ಇಲ್ಲಿಂದಲೂ ಏಳಿ ಅನ್ನುತ್ತಾರೆ. ಇಲ್ಲವೇ ಆ ನಕ್ಷೆ ಟ್ರಾಲರಿನವರ ಕೈಗೆ ಹೋಗುತ್ತದೆ. ನಾನು ಅಪ್ಪನಿಗೆ ಕಣ್ಸನ್ನೆ ಮಾಡಿದೆ. ಅದೂ ಬೇಕಿರಲಿಲ್ಲ.

"ತೆಂಕಕ್ಕೆ," ಅಂದ ಅಪ್ಪ, ಬೀಡಿ ಹಚ್ಚುತ್ತ.

ನಮ್ಮಲ್ಲಿ ಅದು ಸುಳ್ಳಲ್ಲ, ರೂಢಿ. ದೋಣಿ ದಡಕ್ಕೆ ಬಂದಾಗ ಯಾರಾದರೂ "ಎಲ್ಲಿ ಸಿಕ್ತಾ?" ಎಂದು ಕೇಳಿದರೆ ಬಡಗದಲ್ಲಿ ಸಿಕ್ಕಿದ್ದನ್ನು ತೆಂಕ ಅನ್ನಬೇಕು. ಕೇಳಿದವನೂ ಮೀನುಗಾರನೇ, ತಿರುಗಿಸಿ ಅರ್ಥ ಮಾಡಿಕೊಂಡು ನಗುತ್ತಾನೆ. ಅಕ್ಕೋರಿಗೆ ಅದು ಗೊತ್ತಿರಲಿಲ್ಲ. ಕೃತಜ್ಞತೆಯಿಂದ ಕೈಮುಗಿದರು, ಮಾರಾಯ್ತಿ!

ಕೆಲವು ತಿಂಗಳ ಮೇಲೆ ಬಿಸಿಲಲ್ಲಿ ಕಪ್ಪಾಗಿ ಮತ್ತೆ ಬಂದರು. ತೆಂಕದಲ್ಲಿ ಎಷ್ಟು ಹುಡುಕಿದರೂ ಬರೀ ಕೆಸರಂತೆ. "ಸರಿಯಾಗಿ ನೆನಪು ಮಾಡಿ ನೋಡಿ ಅಣ್ಣಾ," ಎಂದರು. ಅಪ್ಪ ಹಂಚು ನೋಡುತ್ತ ಕೂತ. ಅವರು ಹೋಗುವಾಗ ಫೋನ್ ನಂಬರಿನ ಚೀಟಿ ಕೊಟ್ಟರು. ಆಯಿ ಅದನ್ನು ದೇವರ ಫೋಟೋ ಹಿಂದೆ ಸಿಕ್ಕಿಸಿದಳು. ನಾವು ಗೆದ್ದೆವು ಎಂದುಕೊಂಡು ನಾನು ಆ ದಿನ ಇಡೀ ಖುಷಿಯಲ್ಲಿದ್ದೆ.

ಮುಂದಿನ ಮಳೆಗಾಲ ಕಳೆದು ಅಪ್ಪ ಕಡಲಿಗೆ ಹೋದವನು ಖಾಲಿ ಬಂದ. ಮತ್ತೆ ಹೋದ, ಮತ್ತೆ ಖಾಲಿ. ಮೂರನೆಯ ಸಲ ದೋಣಿಯಿಂದ ಇಳಿದವನು ಮನೆಗೇ ಬರಲಿಲ್ಲ. ಹುಡುಕಿಕೊಂಡು ಹೋದರೆ ಮರಳಿನ ಮೇಲೆ ಕೂತಿದ್ದ.

"ಕಲ್ಲೇ ಇಲ್ಲ," ಅಂದ. "ಗಾಳ ಎಲ್ಲೂ ಸಿಕ್ಕಿಕೊಳ್ಳುದೇ ಇಲ್ಲ. ದೊಡ್ಡ ಟ್ರಾಲರಿನವ್ರು ಸರಪಳಿ ಕಟ್ಟಿದ ಬಲೆ ಎಳ್ದು ಎಲ್ಲಾ ಸಪಾಟು ಮಾಡಿ ಹೋಗ್ಯಾರೆ."

ಅವರಿಗೆ ಜಾಗ ಹೇಳಿದವರು ಯಾರೂ ಇಲ್ಲ. ನಕ್ಷೆಯೂ ಬೇಕಾಗಲಿಲ್ಲ. ಅಪ್ಪ ಮರಳು ಕೊಡವಿ ಎದ್ದು ಅಂದ, "ನಮ್ಮ ಬಾವಿ, ತೆಂಗು ಇದ್ದದ್ದಕ್ಕೆ ಸರ್ಕಾರದ ಕಾಗದನಾದ್ರೂ ಅದೆ. ಇದು ಇತ್ತು ಅಂತ ನಾಳೆ ನಾ ಹೇಳಿದ್ರೆ ಯಾರು ನಂಬ್ತಾರೆ? ಆ ಅಕ್ಕೋರಿಗೆ ಫೋನ್ ಮಾಡೇ."

ದೇವರ ಫೋಟೋ ಹಿಂದಿನ ಚೀಟಿ ತೆಗೆದೆ. ಬೂತಿಗೆ ಹೋಗಿ ಫೋನ್ ಮಾಡಿದೆ. ಅವರು ಬಂದರು.

ಅಪ್ಪ ಆ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕಾಯುತ್ತಿದ್ದ. ಅವರು ಕೂರುವ ಮೊದಲೇ "ಬಡಗಕ್ಕೆ," ಎಂದು, ದೋಣಿಯ ಜಿಪಿಎಸ್ ಯಂತ್ರ ತೋರಿಸುತ್ತಿದ್ದ ಆ ಜಾಗದ ಅಂಕಿಗಳನ್ನು ಬಾಯಿಪಾಠ ಒಪ್ಪಿಸಿದ. ಹೆಂಡತಿಗೂ ಹೇಳದ ಅಂಕಿಗಳವು. ಅಕ್ಕೋರು ಪೆನ್ನು ತೆಗೆಯಲಿಲ್ಲ. ಅಪ್ಪನ ಮುಖವನ್ನೇ ನೋಡಿದರು. ನಾವು ಚೀಲದವರನ್ನು ನೋಡುವ ಹಾಗೆಯೇ.

"ಇದಾದ್ರೂ ಖರೇನಾ ಅಣ್ಣಾ?"

ಅಪ್ಪ ಎದ್ದ. ಬಚ್ಚಲಿಗೆ ಹೋಗಿ ಕಲ್ಲು ತಂದು ಅವರ ಕೈಯಲ್ಲಿಟ್ಟ. ಅವರು ಅಂಕಿ ಬರೆದುಕೊಂಡರು. ಹಿಂದೆ ನಿಂತಿದ್ದ ನನಗೆ ಕಾಣಿಸಿತು: ಬರೆದ ಅಂಕಿಯ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಅಲ್ಲೇನಿದೆಯೋ ಆ ಕಡೆ ಹೋದಾಗ ನೋಡುತ್ತೇನೆ ಎಂದು ಹೇಳಿ ಬಸ್ಸಿಗೆ ಹೊರಟರು.

ಅವರು ತಿರುವು ದಾಟುವ ತನಕ ಅಪ್ಪ ನೋಡುತ್ತಲೇ ನಿಂತಿದ್ದ. ಆಮೇಲೆ ನನ್ನ ಕಡೆ ತಿರುಗಿದ.

"ನಂಬಿದ್ರನೇ?"

"ನಂಬಿದ್ರು ಅಪ್ಪ," ಎಂದೆ.

ಅಪ್ಪ ತಲೆಯಾಡಿಸಿ ಒಳಗೆ ಹೋದ. ದಡದಲ್ಲಿ ಕೇಳಿದವರಿಗೆ ನಮ್ಮಲ್ಲಿ ಹೇಗೆ ಉತ್ತರ ಕೊಡುತ್ತಾರೆಂದು ಅವನಿಗೆ ಗೊತ್ತಿತ್ತು.